ಇಂಪೋರ್ಟೆಡ್ ನವಿಲು

ನೋಣಯ್ಯ ಯಾರೆಂದು ಇವತ್ತು ಪಾಣೆಮಂಗಳೂರಿನಲ್ಲಿ ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ. ಅವನ ನವಿಲನ್ನು ಮಾತ್ರ ಎಲ್ಲರೂ ನೋಡಿದ್ದಾರೆ. ಮದುವೆ ಕಾಗದದಲ್ಲಿ ನೋಡಿದ್ದಾರೆ, ಬೇಕರಿಯವರ ಸ್ವೀಟ್ ಬಾಕ್ಸಿನಲ್ಲಿ ನೋಡಿದ್ದಾರೆ. ಅದನ್ನು ಬಿಡಿಸಿದ್ದು ನೋಣಯ್ಯ ಎಂದರೆ "ಹೋಗಿ ಶುಕೂರಾಕ, ಕುಸಾಲು ಮಾಡ್ಬೇಡಿ" ಎನ್ನುತ್ತಾರೆ. ಸಾಕಾಗಿ ಹೇಳುವುದನ್ನೇ ಬಿಟ್ಟಿದ್ದೆ. ಮೊನ್ನೆ ಮತ್ತೊಂದು ಮದುವೆ ಕಾಗದ ಬಂತು. ಅದೇ ನವಿಲು, ಈ ಸಲ ಗುಲಾಬಿ ಬಣ್ಣದ್ದು. ಗುಲಾಬಿ ಬಣ್ಣದ ನವಿಲನ್ನು ಯಾವನು ಕಂಡಿದ್ದಾನೆ? ಮಂಡೆ ಬಿಸಿಯಾಯಿತು. ಅದಕ್ಕೇ ಇದನ್ನು ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ.

ನನ್ನದು ಚಪ್ಪಲಿ ಅಂಗಡಿ. ಹೆಸರು ಅಬ್ದುಲ್ ಶುಕೂರ್, ಬಾಯಿ ಸ್ವಲ್ಪ ಜೋರು. ನನ್ನ ಗೋಡೆಗೆ ತಾಗಿಕೊಂಡು 'ನೋಣಯ್ಯ ಆರ್ಟ್ಸ್' ಇತ್ತು. ಅವನು ಸಿದ್ಧಕಟ್ಟೆ ಕಡೆಯವನು. ಬಸ್ಸಿನ ಹೆಸರು, ಅಂಗಡಿಯ ಬೋರ್ಡು, ನಾಟಕದ ಪರದೆ, ಶಾಲೆಯ ಗೋಡೆಯ ಭಾರತದ ನಕಾಶೆ, ಎಲ್ಲದಕ್ಕೂ ಅವನೇ ಬೇಕಿತ್ತು. ಮಾತು ಬಹಳ ಕಡಿಮೆ. ನಾನು ಇಡೀ ದಿನ ಒದರಿದರೂ "ಹ್ಞೂಂ" ಎಂದು ಕುಂಚ ಎಳೆಯುತ್ತಿದ್ದ. ಹೆಂಡತಿ ಬೇಗ ತೀರಿಕೊಂಡಿದ್ದಳು. ಒಬ್ಬಳೇ ಮಗಳು ವಿನೋದಾ. ಸಂಜೆ ಶಾಲೆ ಬಿಟ್ಟ ಮೇಲೆ ಬಂದು ಅಪ್ಪನ ಪೇಂಟಿನ ಡಬ್ಬಗಳ ನಡುವೆ ಕೂತು ಬರೆಯುತ್ತಿದ್ದಳು.

ತೊಂಬತ್ತೊಂದನೇ ಇಸವಿ ಇರಬೇಕು. ಸಿದ್ಧಕಟ್ಟೆಯ ಒಬ್ಬರು ಮೇಷ್ಟ್ರು ತಮ್ಮ ಮದುವೆ ಕಾಗದಕ್ಕೆ ಒಂದು ಹೊಸ ಚಿತ್ರ ಬೇಕೆಂದು ಬಂದರು. ನೋಣಯ್ಯ ಕಪ್ಪು ಶಾಯಿಯಲ್ಲಿ ನವಿಲು ಬಿಡಿಸಲು ಕೂತ. ವಿನೋದಾ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಕೇಳಿದಳು:

"ಅಪ್ಪ, ಇದು ನಾಗನನ್ನು ತಿನ್ತದಾ?"

"ತಿನ್ತದೆ. ನವಿಲಲ್ವಾ?"

"ಹಾಗಾದ್ರೆ ಇದರ ಬಾಯಿಗೆ ಪಿಂಗಾರ ಕೊಡು. ಬಾಯಲ್ಲಿ ಪಿಂಗಾರ ಇದ್ರೆ ಕಚ್ಲಿಕ್ಕೆ ಆಗೂದಿಲ್ಲ."

ಪಿಂಗಾರ ಎಂದರೆ ಅಡಿಕೆಯ ಹೂಗೊನೆ; ನಮ್ಮ ಕಡೆ ಹಿಂದೂಗಳು ನಾಗನಿಗೆ ಇಡುವುದು ಅದನ್ನೇ. ನೋಣಯ್ಯ ನಗಾಡಿದ. ಅವನು ಹಾಗೆ ನಕ್ಕದ್ದನ್ನು ನಾನು ಅಪರೂಪಕ್ಕೆ ನೋಡಿದ್ದು. ಕೊಕ್ಕಿನಲ್ಲಿ ಒಂದು ಎಸಳು ಪಿಂಗಾರ ಬಿಡಿಸಿ, "ನಿನ್ನ ಮದುವೆ ಕಾಗದಕ್ಕೆ ಇದೇ ನವಿಲು, ಆಯ್ತಾ? ಬಣ್ಣದ್ದು" ಎಂದ. ಹುಡುಗಿ ಅದನ್ನು ಮರೆಯಲಿಲ್ಲ. ಅಪ್ಪನೂ ಮರೆಯಲಿಲ್ಲ.

ಮೇಷ್ಟ್ರ ಕಾಗದ ಸ್ಕ್ರೀನ್ ಪ್ರಿಂಟಾಗಿ ಊರೂರಿಗೆ ಹೋಯಿತು. ಮೂಲ ಚಿತ್ರವನ್ನು ಪ್ರಿಂಟಿನವನು ವಾಪಸು ಕೊಡಲೇ ಇಲ್ಲ. ಕೇಳಿ ತಾ ಎಂದು ನಾನು ಎಷ್ಟು ಬೈದರೂ ನೋಣಯ್ಯ, "ಇನ್ನೊಂದು ಬಿಡಿಸಿದ್ರೆ ಆಯ್ತು ಶುಕೂರಾಕ" ಎಂದು ಸುಮ್ಮನಾದ.

ಆಮೇಲೆ ಕಂಪ್ಯೂಟರ್ ಬಂತು. ತಂದವನು ಹೊರಗಿನವನಲ್ಲ, ನನ್ನ ತಂಗಿಯ ಮಗ ಉನೈಸ್. ಅವನ ಅಣ್ಣ ಸೌದಿಯ ದಮ್ಮಾಮಿನಿಂದ ಕಳಿಸಿದ ದುಡ್ಡಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು ಎ.ಸಿ. ಹಾಕಿದ ಕೋಣೆ, ಕೋರಲ್ ಎಂಬ ಚಿತ್ರದ ಪ್ರೋಗ್ರಾಮು, ರಾಶಿ ಸಿಡಿಗಳು. ಸಿಡಿಯಲ್ಲಿ ಹೂವು, ಹಣ್ಣು, ಪಕ್ಷಿ, ಮದುಮಗ, ಮದುಮಗಳು, ಎಲ್ಲ ರೆಡಿ ಇರುತ್ತಿದ್ದವು. ಅವನು ಮಾಡುತ್ತಿದ್ದದ್ದು ಇಷ್ಟೇ: ಚಿತ್ರವನ್ನು ತಂದು ಕೂರಿಸುವುದು, ಗಿರಾಕಿಗೆ ಬೇಕಾದ ಬಣ್ಣಕ್ಕೆ ತಿರುಗಿಸುವುದು. ಒಂದೇ ಹೂವು ನಮ್ಮವರ ನಿಕಾಹ್ ಕಾಗದಕ್ಕೆ ಹಸಿರು, ಹಿಂದೂಗಳ ಗೃಹಪ್ರವೇಶಕ್ಕೆ ಕೆಂಪು ಹಳದಿ, ಇಗರ್ಜಿಯ ಹಬ್ಬಕ್ಕೆ ನೀಲಿ.

ಚಿತ್ರವನ್ನು ಪರದೆಗೆ ತರುವುದಕ್ಕೆ ಆ ಪ್ರೋಗ್ರಾಮಿನಲ್ಲಿ 'ಇಂಪೋರ್ಟ್' ಎಂಬ ಜಾಗ ಒತ್ತಬೇಕು. "ಇದೆಲ್ಲಿಂದ ಬಂತು ಉನೈಸ್?" ಎಂದು ಯಾರಾದರೂ ಕೇಳಿದರೆ, "ಇಂಪೋರ್ಟ್ ಮಾಡಿದ್ದು" ಎನ್ನುತ್ತಿದ್ದ. ಅವನು ಸುಳ್ಳು ಹೇಳಲಿಲ್ಲ. ಆದರೆ ನಮ್ಮ ಊರಿನ ಕಿವಿ ನಿಮಗೆ ಗೊತ್ತಲ್ಲ. ಮನೆಗೊಬ್ಬ ಗಲ್ಫಿನಲ್ಲಿ ಇರುವ ಊರು. ಸೋಪು, ಸೆಂಟು, ಟಾರ್ಚು, ಕಂಬಳಿ ಎಲ್ಲ ಇಂಪೋರ್ಟೆಡ್ ಆದರೆ ಮಾತ್ರ ಒಳ್ಳೆಯದು. ಚಿತ್ರವೂ ವಿಮಾನದಲ್ಲಿ ಬರುತ್ತದೆ ಎಂದುಕೊಂಡರು. "ನಮಗೆ ಲೋಕಲ್ ಬೇಡ, ಇಂಪೋರ್ಟೆಡ್ ಚಿತ್ರವೇ ಹಾಕಿ" ಎಂದು ಕೇಳಿ ಮಾಡಿಸತೊಡಗಿದರು. ಮೂಡುಬಿದಿರೆಯಲ್ಲಿಯೂ ಬೆಳ್ತಂಗಡಿಯಲ್ಲಿಯೂ ಇಂಥದೇ ಅಂಗಡಿಗಳಾದವು, ಅಲ್ಲಿಯೂ ಅದೇ ಮಾತು. ಉನೈಸ್ ಯಾರನ್ನೂ ತಿದ್ದಲಿಲ್ಲ. ಯಾಕೆ ತಿದ್ದುತ್ತಾನೆ, ವ್ಯಾಪಾರ ಆಗುತ್ತಿತ್ತಲ್ಲ?

ಲೋಕಲ್ ಎಂದರೆ ನೋಣಯ್ಯ. ಮೊದಲು ಕಾಗದದ ಕೆಲಸ ಹೋಯಿತು. ಫ್ಲೆಕ್ಸ್ ಬಂದ ಮೇಲೆ ಬೋರ್ಡೂ ಹೋಯಿತು. ಬಸ್ಸಿನವರು ಸ್ಟಿಕ್ಕರ್ ಅಂಟಿಸಿದರು. ಕೊನೆಗೆ ಅವನು ಗೇಟಿಗೆ, ಕಿಟಕಿಯ ಸರಳಿಗೆ ಪೇಂಟ್ ಬಳಿಯುವ ಕೂಲಿಗೆ ಹೋಗತೊಡಗಿದ. ಉನೈಸನನ್ನು ಹಿಡಿದು ನಾನು ಬೈದರೆ, "ಮಾಮ, ನಾನೆಂತ ಮಾಡ್ಲಿ? ಜನ ಕೇಳೂದು ಇದನ್ನೇ" ಎನ್ನುತ್ತಿದ್ದ. ಅದೂ ನಿಜವೇ, ಅದೇ ಇನ್ನೂ ಸಿಟ್ಟು ತರಿಸುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ವಿನೋದಾಳಿಗೆ ತೋಡಾರಿನಲ್ಲಿ ಗಂಡು ಗೊತ್ತಾಯಿತು. ಒಳ್ಳೆಯ ಹುಡುಗ. ಆದರೆ ಆ ಮನೆಯಲ್ಲಿ ಮಾತೆಲ್ಲ ಹುಡುಗನ ಸೋದರಮಾವ ಅಣ್ಣು ಎಂಬವರದು. ಮುಂಬೈಯಲ್ಲಿ ಹೋಟೆಲು ಇದ್ದವರು. ಈ ಕಡೆಯಲ್ಲಿ ಸೋದರಮಾವ ಬೇಡವೆಂದರೆ ಮದುವೆ ಅಲ್ಲಿಗೇ ನಿಲ್ಲುತ್ತದೆ. ನೋಣಯ್ಯ ಎಲ್ಲದಕ್ಕೂ ತಲೆಯಾಡಿಸಿದ. ಒಂದೇ ಒಂದು ವಿಷಯ ಕೇಳಿಕೊಂಡ: ಎರಡೂ ಕಡೆಯ ಕಾಗದ ನಾನೇ ಮಾಡಿಸುತ್ತೇನೆ, ಚಿತ್ರ ನನ್ನದು. ಆಗಲಿ ಎಂದರು.

ಅವನು ನವಿಲನ್ನು ಹೊಸದಾಗಿ ಬಿಡಿಸಿ, ಕಾಗದವನ್ನು ಸುರುಳಿ ಸುತ್ತಿಕೊಂಡು ಉನೈಸನ ಅಂಗಡಿಗೆ ಹೋದ. ನಾನೂ ಜೊತೆಗೆ ಹೋದೆ. ಉನೈಸ್ ಸುರುಳಿ ಬಿಚ್ಚಿ ನೋಡಿ, "ಇದನ್ನು ಸ್ಕ್ಯಾನ್ ಮಾಡೂದು ಬೇಡ ನೋಣಯ್ಯಣ್ಣ, ಇದು ನಮ್ಮ ಹತ್ರ ಉಂಟು. ಮೊನ್ನೆ ತಂದ ಸಿಡಿಯಲ್ಲಿ" ಎಂದು ಇಂಪೋರ್ಟ್ ಒತ್ತಿದ.

ಪರದೆಯ ಮೇಲೆ ನವಿಲು ಬಂತು. ಕಿತ್ತಳೆ ಕತ್ತು, ನೇರಳೆ ಗರಿ. ಆದರೆ ಕತ್ತಿನ ಆ ತಿರುವು, ಎತ್ತಿದ ಆ ಕಾಲು, ಕೊಕ್ಕಿನಲ್ಲಿ ಪಿಂಗಾರ. ನೋಣಯ್ಯ ಕುರ್ಚಿಯಲ್ಲಿ ಕೂತುಬಿಟ್ಟ.

"ಇದು ನನ್ನದು."

"ಇಲ್ಲ ನೋಣಯ್ಯಣ್ಣ, ಇದು ಇಂಪೋರ್ಟೆಡ್" ಎಂದ ಉನೈಸ್. ಊರಿಗೆ ಹೇಳಿ ಹೇಳಿ ಅವನೇ ಅದನ್ನು ನಂಬಿಯಾಗಿತ್ತು.

ನಾನು ಪರದೆಯ ಮೇಲೆ ಬೆರಳು ಕುಟ್ಟಿದೆ. "ಫಾರಿನಿನವ ಪಿಂಗಾರ ಎಲ್ಲಿ ನೋಡಿದ್ದಾನೆ ಮಾರಾಯ? ಕಣ್ಣುಂಟಾ ನಿನಗೆ?"

"ಇದು ಪಿಂಗಾರವಾ? ನಾನು ಗೋಧಿ ತೆನೆ ಅಂತ ಗ್ರಹಿಸಿದೆ" ಎಂದ. ತೆನೆಗೆ ಕಂದು ಬಣ್ಣ ಬೇರೆ ಇತ್ತು. ಮೇಷ್ಟ್ರ ಕಾಗದದಿಂದ ಯಾರೋ ಅದನ್ನು ಎತ್ತಿ ಕಂಪ್ಯೂಟರಿನಲ್ಲಿ ಗೆರೆ ಹೊಡೆದು ಸಿಡಿಗೆ ಹಾಕಿದ್ದರು. ಯಾರು, ಎಲ್ಲಿ, ಒಂದೂ ಗೊತ್ತಾಗಲಿಲ್ಲ. ಗೊತ್ತಾಗುವುದೂ ಇಲ್ಲ.

ನಾನು ಜಗಳಕ್ಕೆ ನಿಂತೆ. ನೋಣಯ್ಯ ಮಾತ್ರ, "ಇರಲಿ. ಬಣ್ಣ ಸರಿ ಮಾಡುವ" ಎಂದ. ಉನೈಸ್ ಮೌಸ್ ಒತ್ತಿದ. 'ಅನ್‌ಗ್ರೂಪ್' ಎಂದ ಕೂಡಲೇ ನವಿಲು ತುಂಡು ತುಂಡಾಯಿತು. ಒಂದೊಂದು ಗರಿಯನ್ನೂ ಬೇರೆ ಬೇರೆ ಹಿಡಿಯಬಹುದಿತ್ತು. ತೋರಿಸಲೆಂದು ಒಂದು ಕಾಲನ್ನು ಎಳೆದು ಮೂಲೆಗೆ ಹಾಕಿದ. ನೋಣಯ್ಯ ಅವನ ಕೈ ಹಿಡಿದ. "ಇಡು ಮಾರಾಯ, ಅದನ್ನು ಅಲ್ಲೇ ಇಡು."

ಆಮೇಲೆ ಇಬ್ಬರೂ ಕೂತು ಬಣ್ಣ ಹಾಕಿದರು. ಕತ್ತಿನ ನೀಲಿ ಬೇಗ ಬಂತು. ಪಿಂಗಾರಕ್ಕೆ ಮಾತ್ರ ಉನೈಸ್ ತೋರಿಸಿದ ಹಳದಿಯೆಲ್ಲ ಅಲ್ಲ, ಅಲ್ಲ ಎಂದೇ ಆಯಿತು. "ಹಾಲಿಗೆ ಒಂದು ಚಿಟಿಕೆ ಅರಸಿನ ಹಾಕಿದ ಹಾಗೆ ಬೇಕು" ಎಂದ ನೋಣಯ್ಯ. ಹಳದಿಯನ್ನು ಇಳಿಸುತ್ತಾ ಇಳಿಸುತ್ತಾ ಒಂದು ಕಡೆ ಅವನು "ಹಾಂ" ಎಂದ. ನನ್ನ ಸಿಟ್ಟೂ ಆಗ ಇಳಿಯಿತು. ಅಷ್ಟು ಚಂದವಾಗಿತ್ತು. ಹೊರಡುವಾಗ ಅವನು ನಾಚಿಕೊಂಡು, "ಅಡಿಯಲ್ಲಿ ಸಣ್ಣಕೆ ನನ್ನ ಹೆಸರು ಹಾಕ್ಲಿಕ್ಕೆ ಆಗ್ತದಾ?" ಎಂದು ಕೇಳಿದ. ಜೀವಮಾನದಲ್ಲಿ ಒಂದು ಬೋರ್ಡಿಗೂ ಹೆಸರು ಹಾಕದವನು. ಉನೈಸ್ 'ಚಿತ್ರ: ನೋಣಯ್ಯ' ಎಂದು ಹಾಕಿಕೊಟ್ಟ.

ಕಾಗದ ಪ್ರಿಂಟಾಗಿ ಬಂತು. ವಿನೋದಾ ಅದನ್ನು ಮೂಸಿ ನೋಡಿ, ಪಿಂಗಾರವನ್ನು ಬೆರಳಿನಿಂದ ಮುಟ್ಟಿ, ಅಪ್ಪನ ಭುಜಕ್ಕೆ ತಲೆ ಒರಗಿಸಿದಳು. ಗಂಡಿನ ಕಡೆಯ ಕಟ್ಟು ತೋಡಾರಿಗೆ ಹೋಯಿತು. ಸ್ವಲ್ಪ ದಿನದಲ್ಲಿ ಅಣ್ಣು ಜೀಪಿನಲ್ಲಿ ಆ ಕಟ್ಟನ್ನು ಹಿಡಿದುಕೊಂಡು ನೋಣಯ್ಯನ ಅಂಗಡಿಗೇ ಬಂದರು. ವಿನೋದಾ ಒಳಗೆ ಚಾ ಮಾಡುತ್ತಿದ್ದಳು.

"ಇದೆಂತ ನೋಣಯ್ಯ? ಹೋದ ವರ್ಷ ನಮ್ಮ ಅಕ್ಕನ ಮಗಳ ಮದುವೆಗೆ ಮೂಡುಬಿದಿರೆಯಲ್ಲಿ ಇದೇ ನವಿಲು ಹಾಕಿಸಿದ್ದು. ಇಂಪೋರ್ಟೆಡ್. ಊರೆಲ್ಲ ನೋಡಿದೆ. ಚಿತ್ರ ತೆಗೆದುಕೊಂಡದ್ದಕ್ಕೆ ನಾನು ಏನೂ ಹೇಳೂದಿಲ್ಲ. ಆದ್ರೆ ಅಡಿಯಲ್ಲಿ ನಿಮ್ಮ ಹೆಸರು ಹಾಕೂದಾ? ಕದ್ದದ್ದಕ್ಕೆ ಹೆಸರು ಹಾಕುವವರ ಮನೆಯಿಂದ ಹೆಣ್ಣು ತಂದ್ರು ಅಂತ ಜನ ಆಡಿಕೊಳ್ಳುವುದು ನಮಗೆ ಬೇಡ."

ನಾನು ಬಾಯಿ ತೆರೆದೆ. ನೋಣಯ್ಯ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದ. ಹೊಸದಾಗಿ ಬಿಡಿಸಿದ ಚಿತ್ರ ಗೋಡೆಯಲ್ಲೇ ಇತ್ತು. ಅಣ್ಣು ಅದನ್ನೂ ನೋಡಿ, "ಓ, ಕಂಪ್ಯೂಟರ್ ನೋಡಿ ಬಿಡಿಸಿದ್ದಾ?" ಎಂದರು. ಒಳಗೆ ಚಾದ ಲೋಟದ ಶಬ್ದ ನಿಂತಿತ್ತು. ನೋಣಯ್ಯ ಆ ಕಡೆ ಒಮ್ಮೆ ನೋಡಿದ.

"ತಪ್ಪಾಯ್ತು ಭಾವ. ಹೆಸರು ತೆಗೆದು ಕೊಡ್ತೇನೆ" ಎಂದ.

ಮತ್ತೆ ಪ್ರಿಂಟ್ ಹಾಕಿಸಲು ಸಮಯವಿರಲಿಲ್ಲ. ಬೋರ್ಡಿನ ಅಕ್ಷರ ತಿದ್ದಲು ಇಟ್ಟುಕೊಂಡ ಅರ್ಧ ಬ್ಲೇಡು ತೆಗೆದುಕೊಂಡು ಕೂತು, ಒಂದೊಂದೇ ಕಾಗದದಿಂದ ತನ್ನ ಹೆಸರನ್ನು ಕೆರೆದ. ಕಾಗದ ಹರಿಯದ ಹಾಗೆ, ಕಲೆ ಉಳಿಯದ ಹಾಗೆ, ಮೇಲಿನಿಂದ ಉಗುರಿನಿಂದ ತಿಕ್ಕಿ ನುಣುಪು ಮಾಡಿ. ಹೆಣ್ಣಿನ ಕಡೆಯ ಕಾಗದವನ್ನೂ ಬಿಡಲಿಲ್ಲ. ವಿನೋದಾ "ನಂಗೆ ಈ ಮದುವೆಯೇ ಬೇಡ ಅಪ್ಪ" ಎಂದು ಅತ್ತಳು. "ಹುಚ್ಚುಚ್ಚು ಮಾತಾಡ್ಬೇಡ, ಬೆಳಕಿಗೆ ಅಡ್ಡ ನಿಲ್ಬೇಡ" ಎಂದ. ನಾನು ನನ್ನ ಅಂಗಡಿಯಲ್ಲಿ ಕೂತು ಆ ಕರಕರ ಶಬ್ದ ಕೇಳುತ್ತಿದ್ದೆ. ಅವನಿಗೆ ಬರಬೇಕಿದ್ದ ಸಿಟ್ಟೆಲ್ಲ ನನಗೇ ಬಂತು ಎಂದು ಕಾಣುತ್ತದೆ.

ಮದುವೆ ಚೆನ್ನಾಗಿಯೇ ಆಯಿತು. ಊಟದ ಹೊತ್ತಿಗೆ ಅಣ್ಣು ಮುಂಬೈಯ ಸ್ನೇಹಿತರನ್ನು ಕರೆದುಕೊಂಡು ನಾವು ನಿಂತಲ್ಲಿಗೆ ಬಂದರು. ಅವರಲ್ಲೊಬ್ಬರ ಕೈಯಲ್ಲಿ ಕಾಗದ ಇತ್ತು. "ಚಿತ್ರ ಭಾರೀ ಲಾಯ್ಕುಂಟು, ಯಾರು ಬಿಡಿಸಿದ್ದು?" ಎಂದು ಅವರು ಕೇಳಿದರು. ಮದುಮಗಳು ಮಂಟಪದಿಂದ ನಮ್ಮನ್ನೇ ನೋಡುತ್ತಿದ್ದಳು. ಇಷ್ಟು ದಿನ ತಡೆದದ್ದು ಸಾಕು ಎಂದು ನಾನು ಗಂಟಲು ಸರಿಮಾಡಿಕೊಂಡೆ.

ನೋಣಯ್ಯ ನನಗಿಂತ ಮೊದಲು ಹೇಳಿದ:

"ಅದು ಲೋಕಲ್ ಅಲ್ಲ. ಇಂಪೋರ್ಟೆಡ್."

ಅಣ್ಣು ಖುಷಿಯಾಗಿ ಅವನ ಬೆನ್ನು ತಟ್ಟಿದರು. ಆ ದಿನ ನಾನು ಊಟ ಮಾಡದೆ ಬಸ್ಸು ಹತ್ತಿದೆ.