ಹತ್ತಕ್ಕೆ ಮೂರು ಕಾಯಿ

ನಾನು ಏಳನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮ ಮನೆಗೆ ಸಂಬಳ ನೋಟಿನ ರೂಪದಲ್ಲಿ ಬರುತ್ತಿರಲಿಲ್ಲ, ತೆಂಗಿನಕಾಯಿಯ ರೂಪದಲ್ಲಿ ಬರುತ್ತಿತ್ತು. ದಬ್ಬೇಘಟ್ಟದ ಬಸ್ಸು ಹಿಡಿಯಲು ಒಂದು ಮೈಲಿ ನಡೆಯಬೇಕಾದ ಊರು ನಮ್ಮದು. ಅಪ್ಪ ಕಾಯಿ ಕೀಳುವವನು. ಹೆಚ್ಚಿನ ಕೆಲಸ ಮಲ್ಲಣ್ಣನವರ ತೋಟದಲ್ಲಿ. ಸಂಜೆ ಕಿತ್ತ ರಾಶಿಯಿಂದ ಅವರೇ ಕೈಯಾರೆ ಆರಿಸಿ ಕೂಲಿಯ ಕಾಯಿ ಕೊಡುತ್ತಿದ್ದರು. ಕೊಟ್ಟದ್ದನ್ನು ತಿರುಗಿಸಿ ನೋಡದೆ ಚೀಲಕ್ಕೆ ತುಂಬಿಕೊಳ್ಳುವುದು ಪದ್ಧತಿ. ಅಲ್ಲೇ ಎತ್ತಿ ಪರೀಕ್ಷೆ ಮಾಡಿದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ.

ಚೀಲ ಮನೆಗೆ ಬಂದ ಮೇಲೆ ಯಜಮಾನಿಕೆ ಅವ್ವನದು. ಪಡಸಾಲೆಯಲ್ಲಿ ಸುರಿದು ಹತ್ತು ಹತ್ತರ ಗುಂಪು ಮಾಡುತ್ತಿದ್ದಳು. ಪ್ರತಿ ಹತ್ತರಲ್ಲಿ ಮೂರು ಅಟ್ಟಕ್ಕೆ, ಒಂದು ಅಡುಗೆಗೆ, ಆರು ರಂಗಪ್ಪನ ಅಂಗಡಿಗೆ. ಆ ಆರರಲ್ಲಿ ರಾಗಿ, ಉಪ್ಪು, ಸೀಮೆಎಣ್ಣೆ, ನಮ್ಮ ಪುಸ್ತಕ ಎಲ್ಲವೂ ಆಗಬೇಕಿತ್ತು.

ಅಪ್ಪ ಒಮ್ಮೊಮ್ಮೆ ರಾಗ ತೆಗೆಯುತ್ತಿದ್ದ. "ಎರಡು ಸಾಕು ಕಣೇ. ಮಕ್ಳ ಬಾಯಿಗೂ ಏನಾದ್ರೂ ಬೇಕಲ್ವಾ?"

"ಎರಡಿಟ್ರೆ ವರ್ಷದ ಕೊನೇಲಿ ಯಾವ ಮೂಲೆಗೂ ಸಾಲಲ್ಲ. ನಾಕಿಟ್ರೆ ಈಗ್ಲೇ ಹೊಟ್ಟೆ ಕೇಳಲ್ಲ. ಮೂರು ಅಂದ್ರೆ ಮೂರು, ಸುಮ್ನಿರು," ಎನ್ನುತ್ತಿದ್ದಳು ಅವ್ವ.

ಅವಳು ಕಾಯಿಯನ್ನೇ ಏಕೆ ಕೂಡಿಡುತ್ತಿದ್ದಳು ಎಂಬುದು ಆಮೇಲೆ ಅರ್ಥವಾಯಿತು. ದುಡ್ಡಾದರೆ ಡಬ್ಬಿಯಿಂದ ತೆಗೆಯಬಹುದು. ಅಟ್ಟಕ್ಕೆ ಹಾಕಿದ ಕಾಯಿಯನ್ನು ನಡುವೆ ತೆಗೆದರೆ ಅತ್ತ ಹಸಿಗಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ವರ್ಷ ತುಂಬುವವರೆಗೆ ಕಾಯಲೇಬೇಕು. ಆಗ ನೀರು ಇಂಗಿ, ಒಳಗಿನ ತಿರುಳು ಉಂಡೆ ಕೊಬ್ಬರಿಯಾಗಿ ಚಿಪ್ಪು ಬಿಡುತ್ತದೆ, ತಿಪಟೂರಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ.

ಆ ವರ್ಷದ ಕೊಬ್ಬರಿ ಗೌರಕ್ಕನಿಗೆ ಎಂದು ಮೊದಲೇ ತೀರ್ಮಾನವಾಗಿತ್ತು. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ತಿಪಟೂರಿನಲ್ಲಿ ಎರಡು ವರ್ಷದ ಟೀಚರ್ ಟ್ರೈನಿಂಗ್ ಸೇರುವುದಿತ್ತು. ಉಳಿಯಲು ಮಲ್ಲಣ್ಣನವರ ತಂಗಿಯ ಮನೆ ಗೊತ್ತಾಗಿತ್ತು. "ಅಡುಗೇಲಿ ಒಂದು ಕೈ ಹಾಕ್ಲಿ, ನಮ್ಮ ಹುಡುಗೀರ ಜೊತೇಲೇ ಮಲಗ್ತಾಳೆ," ಎಂದು ಮಲ್ಲಣ್ಣನವರೇ ಮಾತು ಕೊಟ್ಟಿದ್ದರು. ಉಳಿದದ್ದು ಫೀಸು, ಎರಡು ಸೀರೆ, ಪುಸ್ತಕ. ಅದಕ್ಕೆ ಅಟ್ಟವಿತ್ತು.

ಅಟ್ಟ ಹತ್ತುವ ಕೆಲಸ ನನ್ನದು. ಬಿದಿರ ದಬ್ಬೆಯ ಮೇಲೆ ದೊಡ್ಡವರ ಭಾರ ತಡೆಯುತ್ತಿರಲಿಲ್ಲ. ಅವ್ವ ಕೆಳಗಿನಿಂದ ಎಣಿಸುತ್ತಾ ಒಂದೊಂದೇ ಎಸೆಯುತ್ತಿದ್ದಳು, ನಾನು ಹಿಡಿದು ಜೋಡಿಸುತ್ತಿದ್ದೆ. ಹಳೆಯ ರಾಶಿ ಹಿಂದಿನ ಮೂಲೆಯಲ್ಲಿ, ಹೊಸದು ಮುಂದೆ. ಒಲೆಯ ಹೊಗೆ, ಒಣ ಸಿಪ್ಪೆಯ ಧೂಳು, ಇಲಿ ಪಿಕ್ಕೆ ಎಲ್ಲ ಬೆರೆತ ಒಂದು ವಾಸನೆ ಅಲ್ಲಿತ್ತು. ಬೆಲ್ಲ ಕಾಯಿಸಿದ ಹಾಗೆ ಸ್ವಲ್ಪ ಸಿಹಿಯೂ ಇತ್ತು.

ತಪ್ಪು ಶುರುವಾದದ್ದು ಬುಗುರಿಯಿಂದ. ಆ ಬೇಸಿಗೆಯ ಮೊದಲಲ್ಲಿ ಆಟದಲ್ಲಿ ನನ್ನ ಬುಗುರಿ ಸೀಳಿತು. ಬಸವರಾಜ ಎಂಬ ನನ್ನ ಜೊತೆಯವನು ನಕ್ಕ. "ಏನ್ಲಾ ನಂಜ, ನಿಮ್ಮಟ್ಟದಾಗೆ ಕಾಯಿ ರಾಶಿ, ಕೈಲಿ ಒಡಕು ಬುಗುರಿ. ನಿಮ್ಮವ್ವ ಕಾಯಿಗೆ ಮದ್ವೆ ಮಾಡ್ತಾಳಾ?"

ಮಾರನೇ ದಿನ ಹಳೆಯ ರಾಶಿಯಿಂದ ಒಂದು ಕಾಯಿ ತೆಗೆದು, ಅಟ್ಟದ ಕಿಂಡಿಯಿಂದ ಹಿತ್ತಲ ಗೊಬ್ಬರದ ಗುಂಡಿಯ ಮೇಲೆ ಬೀಳಿಸಿ, ಅಂಗಡಿಗೆ ಒಯ್ದೆ. ರಂಗಪ್ಪ ಅದನ್ನು ಅಲ್ಲಾಡಿಸಿ ನೋಡಿದ. ಹಸಿಗಾಯಿಗಿಂತ ಹೆಚ್ಚು ಕೊಟ್ಟ.

"ಅವ್ವ ಕಳಿಸಿದ್ಲೇನ್ಲಾ?"

"ಹೂಂ."

"ನಿಮ್ಮವ್ವ ಅಟ್ಟದ ಕಾಯಿ ಕಳಿಸಿದ್ದು ಇದೇ ಮೊದಲು ಕಣಪ್ಪ," ಎಂದ. ಆದರೂ ತಕ್ಕೊಂಡ.

ಹೊಸ ಬುಗುರಿಯಾದ ಮೇಲೆ ಐಸ್‌ಕ್ಯಾಂಡಿ, ಐಸ್‌ಕ್ಯಾಂಡಿಯಾದ ಮೇಲೆ ತುರುವೇಕೆರೆಯ ಟೆಂಟಿನಲ್ಲಿ ಮಧ್ಯಾಹ್ನದ ಸಿನಿಮಾ. ಹಳೆಯ ರಾಶಿ ತಗ್ಗದಿರಲೆಂದು, ತೆಗೆದ ಪ್ರತಿ ಕಾಯಿಯ ಜಾಗಕ್ಕೆ ಮುಂದಿನ ಹೊಸ ರಾಶಿಯಿಂದ ಒಂದು ಕಾಯಿ ಇಡುತ್ತಿದ್ದೆ. ಹೊಸ ರಾಶಿಗೆ ತಿಂಗಳು ತಿಂಗಳೂ ಕಾಯಿ ಬೀಳುತ್ತಿತ್ತು, ಮೇಲೆ ಹೋದದ್ದನ್ನು ಮತ್ತೆ ಯಾರೂ ಎಣಿಸುತ್ತಿರಲಿಲ್ಲ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದೇ ಅಂದುಕೊಂಡಿದ್ದೆ. ಕಾಯಿಗೆ ಕಾಯಿ ಇಟ್ಟಿದ್ದೇನಲ್ಲ.

ಸ್ಕೂಲು ಶುರುವಾಗುವ ಮುಂಚಿನ ವಾರ ಹಳೆಯ ರಾಶಿ ಕೆಳಗಿಳಿಯಿತು. ಅಪ್ಪ ನೆಟ್ಟ ಹಾರೆಗೆ ಕುತ್ತಿ ಸಿಪ್ಪೆ ಸುಲಿಯುತ್ತಿದ್ದ. ಅವ್ವ ಮತ್ತು ಅಕ್ಕ ಉಂಡೆ ಒಡೆಯದ ಹಾಗೆ ಮಚ್ಚಿನಿಂದ ಚಿಪ್ಪು ಬಿಡಿಸುತ್ತಿದ್ದರು. ಕೊಬ್ಬರಿಯ ಚೂರಿಗೆ ಬೆಲ್ಲ ಸೇರಿಸಿ ಅಕ್ಕ ನನ್ನ ಬಾಯಿಗಿಟ್ಟಳು. ಆಗ ಅಪ್ಪ ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದ. ಒಣಗಿದ ಕಾಯಿಯಲ್ಲಿ ಕೊಬ್ಬರಿ ಗಡಗಡ ಎನ್ನಬೇಕು. ಅದರಲ್ಲಿ ನೀರು ಕುಲುಕಿತು.

"ಹಸೀದು ಕಣೇ," ಎಂದ.

ಇನ್ನೊಂದು. ಮತ್ತೊಂದು. ಸಂಜೆಯ ಹೊತ್ತಿಗೆ ಮೂವತ್ತೆಂಟು ಹಸಿಗಾಯಿ ಬೇರೆ ಬಿದ್ದಿದ್ದವು. ಅವ್ವ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ವರ್ಷ ಕಳೆದರೂ ಒಣಗದ ಕಾಯಿ ಎಂದರೆ ಅವಳ ಪ್ರಕಾರ ಒಂದೇ ಅರ್ಥ. ಬಲಿಯದ ಕಾಯಿಯನ್ನು ಕೂಲಿಗೆ ಕೊಟ್ಟಿದ್ದಾರೆ.

"ತಿರುಗ್ಸಿ ನೋಡ್ಬಾರ್ದು ಅಂತ ನಾವು ಮರ್ಯಾದೆ ಮಾಡುದ್ರೆ, ಎಳೆಗಾಯಿ ತುಂಬವ್ರೆ. ನಡೀಲಾ ನಂಜ, ಚೀಲ ಹೊರು."

"ಬ್ಯಾಡ ಕಣೇ," ಎಂದ ಅಪ್ಪ. "ಅವ್ರು ಅಂಥೋರಲ್ಲ."

"ಗೌರಿ ಫೀಸಿಗೆ ಮೂವತ್ತೆಂಟು ಕಾಯಿ ಕಮ್ಮಿ ಬಿತ್ತು. ನೀನು ಕೊಡ್ತೀಯಾ?"

ಅಪ್ಪ ಮತ್ತೆ ಹಾರೆಯ ಕಡೆ ತಿರುಗಿದ. ನಾನು ಆರು ಹಸಿಗಾಯಿ ಹಾಕಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವ್ವನ ಹಿಂದೆ ಹೊರಟೆ.

ಮಲ್ಲಣ್ಣನವರು ತೋಟದ ಮನೆಯ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ಅವ್ವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಸುಲಿಯದ ಒಂದು ಕಾಯಿ ಎತ್ತಿ ಸಿಪ್ಪೆಯನ್ನು ಉಗುರಿನಿಂದ ಕೆರೆದು, ತೊಟ್ಟಿನ ಜಾಗ ನೋಡಿದರು.

"ಇದು ಎಳೆಗಾಯಿ ಅಲ್ಲ ಕಣವ್ವ. ಬಲಿತಿರೋದೇ. ಅಟ್ಟ ಹತ್ತಿ ಮೂರು ತಿಂಗಳೂ ಆಗಿಲ್ಲ, ಅಷ್ಟೇ. ಸಿಪ್ಪೆ ನೋಡು, ಒಳಗಿನ್ನೂ ಹಸಿ ಐತೆ."

"ಹಿಂದಿನ ಮೂಲೇಲಿದ್ದ ಕಾಯಿ ಅಣ್ಣಾರೇ. ಹೋದೊರ್ಸದ್ದು."

"ಹಂಗಾದ್ರೆ ನಿಮ್ಮನೇಲಿ ಯಾರೋ ಅದಲು ಬದಲು ಮಾಡವ್ರೆ."

"ನನ್ನ ಮನೇಲಿ ಕಳ್ಳರು ಅವ್ರೆ ಅಂತೀರಾ?"

"ನಾನು ಹಂಗನ್ನಲಿಲ್ಲ," ಎಂದು ಅವರು ನನ್ನ ಕಡೆ ನೋಡಿದರು. ಗದರುವ ನೋಟವಲ್ಲ. ಹೇಳುವುದಾದರೆ ಹೇಳು, ನಾನು ಕಾಯುತ್ತೇನೆ ಎನ್ನುವ ಹಾಗೆ ಸ್ವಲ್ಪ ಹೊತ್ತು ನೋಡಿದರು. ನಾನು ಚೀಲದ ಬಾಯಿಯನ್ನು ಸುತ್ತುತ್ತಾ ನಿಂತೆ. ಅವ್ವನ ಕೈ ನನಗೆ ಗೊತ್ತಿತ್ತು. ಹುಣಸೆ ಬರಲು ಎಲ್ಲಿದೆ ಎಂಬುದೂ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಅವ್ವ ಕಾಯಿಗಳನ್ನು ಜಗಲಿಯ ಮೇಲೆ ಸುರಿದಳು. "ಇವೂ ನಿಮಗೇ ಇರ್ಲಿ. ಬಡವರ ಕೂಲೀಲಿ ಉಳಿಸ್ಕಂಡು ಉದ್ಧಾರ ಆಗಿ," ಎಂದಳು.

ಮಲ್ಲಣ್ಣನವರ ಮುಖ ಕಪ್ಪಿಟ್ಟಿತು. "ನಾಳೆಯಿಂದ ನಿನ್ನ ಗಂಡ ಈ ತೋಟಕ್ಕೆ ಬರೋದು ಬ್ಯಾಡ," ಎಂದರು. ತಂಗಿಯ ಮನೆಯ ಮಾತನ್ನು ಅವರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಮೂವತ್ತೆಂಟು ಕಾಯಿಯ ನಷ್ಟವನ್ನು ಹೇಗೋ ತುಂಬಬಹುದಿತ್ತು. ಉಳಿಯುವ ಮನೆಯೂ ಅಪ್ಪನ ಕೆಲಸವೂ ಒಟ್ಟಿಗೆ ಹೋದದ್ದನ್ನು ತುಂಬಲು ಆಗಲಿಲ್ಲ. ಅಕ್ಕನ ಕೊಬ್ಬರಿಯ ದುಡ್ಡಿನಲ್ಲಿ ನಾವು ಆ ಮಳೆಗಾಲ ರಾಗಿ ತಂದು ತಿಂದೆವು. ಅಕ್ಕ ದಿನಗೂಲಿಗೆ ವ್ಯಾಪಾರಿಗಳ ಶೆಡ್ಡಿನಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸಲು ಹೋದಳು. ಮದುವೆಯಾಗಿ ಬಿಳಿಗೆರೆಗೆ ಹೋದ ಮೇಲೂ ಅದೇ ಕೆಲಸ, ಮೂವತ್ತು ವರ್ಷ. ಅಪ್ಪ ಬೇರೆ ಬೇರೆ ತೋಟ ಅಲೆದ. ಅವ್ವ ಮಾತ್ರ ಹತ್ತಕ್ಕೆ ಮೂರು ಬಿಡಲಿಲ್ಲ. ಅದರಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ ಕಂಡಕ್ಟರ್ ಆದೆ.

ಸಂಬಳ ಬಂದ ಮೊದಲ ತಿಂಗಳಿನಿಂದ ನಾನೂ ಹತ್ತಕ್ಕೆ ಮೂರು ಎತ್ತಿಟ್ಟೆ. ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಊರಿನಲ್ಲಿ ಜಾಣ ಎನಿಸಿಕೊಂಡೆ. ಈಚೆಗೆ ಮೊಮ್ಮಗಳಿಗೆ ತುಮಕೂರಿನಲ್ಲಿ ನರ್ಸ್ ಕೆಲಸ ಸಿಕ್ಕಿತು. "ತಾತ, ತಿಂಗಳಿಗೆ ಎಷ್ಟು ಉಳಿಸ್ಲಿ?" ಎಂದು ಕೇಳಿದಳು. "ಹತ್ತಕ್ಕೆ ಮೂರು," ಎಂದೆ. "ನೀವು ಹೆಂಗ್ ಕಲಿತ್ರಿ?" ಎಂದಳು. ಅವ್ವನ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದೆ. ಮಾರನೇ ದಿನ ಬಿಳಿಗೆರೆಗೆ ಹೋದೆ.

ಅಕ್ಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಚಿಪ್ಪು ಬಿಡಿಸಿ ಬಿಡಿಸಿ ಅವಳ ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಬುಗುರಿಗಾ?" ಎಂದಳು ಕೊನೆಗೆ.

"ಮೊದಲನೇದು ಬುಗುರಿಗೆ."

"ಅವ್ವ ಸಾಯೋವರ್ಗೂ ಮಲ್ಲಣ್ಣಾರನ್ನ ಬೈಕಂಡೇ ಹೋದ್ಲು ಕಣ್ಲಾ. ಅವ್ರು ಎದುರಿಗೆ ಬಂದ್ರೆ ಸೆರಗು ಮುಂದಕ್ಕೆಳ್ಕಂಡು ದಾರಿ ಬಿಟ್ಟು ಹೋಗೋಳು."

"ಹೂಂ."

"ಅವತ್ತು ಜಗಲಿ ಮುಂದೆ ನೀನು ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು? ಅವ್ರು ನಕ್ಕು ಸುಮ್ನಾಗೋರು. ಅವ್ವ ಎರಡೇಟು ಹಾಕೋಳು. ನಾನು ತಿಪಟೂರಿಗೆ ಹೋಗ್ತಿದ್ದೆ." ಒಂದು ಹಿಡಿ ಕಾಳನ್ನು ಮೊರಕ್ಕೆ ಹಾಕಿದಳು. "ಹೋಗ್ಲಿ ಬುಡು. ಊಟ ಮಾಡ್ಕಂಡು ಹೋಗು," ಎಂದು ಎದ್ದಳು. ಅವಳ ಮನೆಯಲ್ಲಿ ಅವತ್ತು ನಾನು ಹೇಗೆ ಉಂಡೆನೋ ನೆನಪಿಲ್ಲ.

ಈಗ ನಮ್ಮೂರಿನಲ್ಲಿ ಅಟ್ಟ ಇರುವ ಮನೆ ನಾಲ್ಕೈದು ಇದ್ದಾವು. ಉಳಿದವೆಲ್ಲ ಆರ್‌ಸಿಸಿ. ಬಹಳಷ್ಟು ಕಾಯಿ ಎಳನೀರಾಗಿಯೇ ಲಾರಿ ಹತ್ತುತ್ತದೆ. ಕೊಟ್ಟ ಕೂಲಿಯನ್ನು ತಿರುಗಿಸಿ ನೋಡದ ನಂಬಿಕೆಯೂ ಇಲ್ಲ, ಅದಕ್ಕೆ ಯಾರನ್ನೂ ದೂರುವಂತೆಯೂ ಇಲ್ಲ. ನಮ್ಮ ಮನೆಯ ಮಟ್ಟಿಗೆ ಅದನ್ನು ಕಳೆದವನು ನಾನೇ. ಮಲ್ಲಣ್ಣನವರಿಲ್ಲ, ಅಪ್ಪನಿಲ್ಲ, ಅವ್ವನಿಲ್ಲ. ಅಕ್ಕ ಪಾಠ ಹೇಳಬೇಕಾಗಿದ್ದ ಮಕ್ಕಳು ಎಷ್ಟಾಗುತ್ತಿದ್ದರು ಎಂದು ಬಿಳಿಗೆರೆಯಿಂದ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಲು ಹೊರಟು, ಅರ್ಧಕ್ಕೆ ಬಿಟ್ಟೆ.

ಜನ ನನ್ನನ್ನು ಬಹಳ ಉಳಿಸಿದವನು ಎನ್ನುತ್ತಾರೆ. ಆ ದಿನ ಜಗಲಿಯ ಮುಂದೆ ನಾನು ಉಳಿಸಿಕೊಂಡದ್ದು ಎರಡು ಏಟು.