ಹರಿತದ ಸುದ್ದಿ ಆಡದ ಮನೆ

ಕುಲಗೋಡಕ್ಕೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಅಲ್ಲಪ್ಪ ನಾಯಿಕ ಆಗಲೇ ಅಂಗಳದಲ್ಲಿ ಗೋಣಿಚೀಲ ಮಡಚಿ ಹಾಕಿಕೊಂಡು ಕೂತಾಗಿದೆ. ಮುಂದೆ ನೀರಿನ ತಂಬಿಗೆ, ನಡುವೆ ತಗ್ಗು ಬಿದ್ದ ಕರಿ ಮಸೆಗಲ್ಲು, ಕೈಯಲ್ಲಿ ಜಾಲಿಕಟ್ಟಿಗೆಯ ಒಂದು ತುಂಡು. ಆ ತುಂಡಿನ ಒಂದು ಮಗ್ಗಲು ಇಳಿಜಾರು, ಇಳಿಜಾರಿನಲ್ಲೊಂದು ಸೀಳು. ಅರಳೆಲೆಯಷ್ಟು ಅಗಲದ ಬಾಣದ ಅಲಗನ್ನು ಆ ಸೀಳಿನಲ್ಲಿ ಕೂರಿಸಿ, ಕಟ್ಟಿಗೆ ಸಮೇತ ಕಲ್ಲಿನ ಮೇಲೆ ಮುಂದಕ್ಕೆ ತಳ್ಳುತ್ತಾರೆ. ಹಿಂದಕ್ಕೆ ಎಳೆಯುವುದಿಲ್ಲ, ಎತ್ತಿಕೊಂಡು ಬರುತ್ತಾರೆ. ಮತ್ತೆ ನೀರು ಚಿಮುಕಿಸಿ ಮತ್ತೆ ತಳ್ಳುತ್ತಾರೆ.

ಈ ಕಟ್ಟಿಗೆಗೆ ಮನೆಯವರಿಟ್ಟ ಹೆಸರು ಕುದುರೆ. ಅಲಗು ಕುದುರೆಯ ಮೇಲೆ ಕೂತ ಸವಾರ ಇದ್ದಂತೆ, ಎಷ್ಟು ಓಡಿದರೂ ಓರೆ ಬದಲಾಗುವ ಹಾಗಿಲ್ಲ. ಕೈ ನಡುಗಿದರೂ ಅಂಚು ನಡುಗುವುದಿಲ್ಲ. ಅಲ್ಲಪ್ಪನವರ ಅಜ್ಜ ಲಕ್ಕಪ್ಪ ಕೆತ್ತಿದ್ದಂತೆ ಇದು. ಮೂರು ತಲೆಮಾರಿನ ಅಂಗೈ ತಿಕ್ಕಿ ತಿಕ್ಕಿ ಕಟ್ಟಿಗೆ ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ.

“ಬಾಣಾ ಮಸದು ಏನ ಮಾಡ್ತೀರಿ ಅಂತ ಎಲ್ಲಾರೂ ಕೇಳ್ತಾರ್ರಿ. ಏನ ಮಾಡೂದೈತಿ? ಪೂಜಾ ಮಾಡೂದು!” ಅನ್ನುತ್ತಾರೆ ಅಲ್ಲಪ್ಪ.

ಬೇಟೆ ನಿಂತು ಯಾವ ಕಾಲವಾಯಿತೋ. ಕಾನೂನು ಬೇಡ ಅಂದಿತು. ಅನ್ನದಿದ್ದರೂ ಹೊಡೆಯುವುದಕ್ಕೆ ಏನು ಉಳಿದಿದೆ ಹೇಳಿ, ಕಣ್ಣು ಹಾಯಿಸಿದಷ್ಟೂ ಕಬ್ಬು. ಆದರೆ ಈ ಓಣಿಯ ಬೇಡರ ಮನೆಗಳಲ್ಲಿ ಮುತ್ತಜ್ಜಂದಿರ ಅಲಗುಗಳು ಜಂತಿಯಲ್ಲಿ ಸಿಕ್ಕಿಸಿದ ಬಟ್ಟೆಯ ಗಂಟಿನಲ್ಲಿ ಇನ್ನೂ ಇವೆ. ವರ್ಷಕ್ಕೊಮ್ಮೆ ಆಯುಧಪೂಜೆಯ ಖಂಡೇನವಮಿ ಹತ್ತಿರ ಬಂತೆಂದರೆ ಗಂಟು ಬಿಚ್ಚಿ ಅಲ್ಲಪ್ಪನವರ ಅಂಗಳಕ್ಕೆ ತರುತ್ತಾರೆ. ಪೂಜೆಗೆ ಇಡುವ ಅಲಗು ತುಕ್ಕು ಹಿಡಿದಿರಬಾರದು, ಮೊಂಡಾಗಿರಬಾರದು. “ಮೊಂಡ ಅಲಗ ದೇವರ ಮುಂದ ಇಡೂದಂದ್ರ, ಹರಕ ಧೋತರ ಉಟ್ಕೊಂಡ ಮದವಿಗಿ ಹೋದಂಗ್ರಿ” ಅಂತ ಅವರ ವಾದ. ಇದಕ್ಕೆ ಕೂಲಿ ಇಲ್ಲ. ಒಂದು ತೆಂಗಿನಕಾಯಿ ಕೊಟ್ಟರೆ ಮುಗಿಯಿತು.

ಬೆಳಕು ಹರಿಯುವ ಹೊತ್ತಿಗೆ ಓಣಿಯ ಹಿರಿಯ ಬೀರಸಿದ್ದಪ್ಪ ಬರುತ್ತಾರೆ. ಅಲ್ಲಪ್ಪ ಅಲಗನ್ನು ಒರೆಸಿ ಅಂಗೈ ಮೇಲಿಟ್ಟು ಚಾಚುತ್ತಾರೆ. ಬೀರಸಿದ್ದಪ್ಪ ಹೆಬ್ಬೆರಳ ಉಗುರಿಗೆ ಅಂಚು ತಾಗಿಸಿ ನೋಡುತ್ತಾರೆ, ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾರೆ, ತೆಂಗಿನಕಾಯಿ ಕಟ್ಟೆಯ ಮೇಲಿಟ್ಟು ಎದ್ದು ಹೋಗುತ್ತಾರೆ. ಇಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ. ಹೊಸಬರು ನೋಡಿದರೆ, ಇವರಿಬ್ಬರಿಗೂ ಹೊಲದ ಬದುವಿನ ಜಗಳ ಇರಬೇಕು ಅಂದುಕೊಂಡಾರು! ಜಗಳವಲ್ಲ, ಪದ್ಧತಿ. ಮಸೆದವನು ಹರಿತದ ಸುದ್ದಿ ಬಾಯಲ್ಲಿ ಆಡಬಾರದು. ಆಡಿದರೆ ಬೇಟೆಯ ಮಿಗಕ್ಕೆ ಕೇಳಿಸುತ್ತದೆ, ಅದು ಓಡಿಹೋಗುತ್ತದೆ. ತೆಗೆದುಕೊಂಡವನು ಉಗುರಿನಿಂದ ತಾನೇ ತಿಳಿದುಕೊಳ್ಳಬೇಕು. ಮಿಗ ಹೋದರೂ ಪದ್ಧತಿ ಹೋಗಿಲ್ಲ.

ಆದರೆ ಇದೇ ಅಲ್ಲಪ್ಪ ಇನ್ನೊಂದು ತಾಸಿಗೆ ಬೇರೆಯೇ ಮನುಷ್ಯ. ಬಿಸಿಲು ಕಟ್ಟೆಗೆ ಬರುವಷ್ಟರಲ್ಲಿ ಸಿದ್ರಾಮನ ಕಬ್ಬಿನ ಗ್ಯಾಂಗು ಬರುತ್ತದೆ. ಯಮಕನಮರಡಿ ಕಡೆಯ ಜನ. ಹಂಗಾಮು ಶುರುವಾಗುವ ಮುಂಚೆ ಕೊಯ್ತಾಗಳನ್ನು, ಅಂದರೆ ಕಬ್ಬು ಕಡಿಯುವ ಕತ್ತಿಗಳನ್ನು, ಇಲ್ಲೇ ಮಸೆಸುತ್ತಾರೆ. ಈಗ ಅಲ್ಲಪ್ಪ ಹಳೇ ಕುದುರೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಇನ್ನೊಂದನ್ನು ತರುತ್ತಾರೆ. ಇದು ಅವರೇ ಕೆತ್ತಿದ್ದು. ಇದರ ಓರೆ ಹೆಚ್ಚು ಕಡಿದಾದದ್ದು, ಹಾಗಾಗಿ ಅಂಚು ದಪ್ಪ ಬರುತ್ತದೆ. ಬಾಣಕ್ಕೆ ಬೇಕಾದ ತೆಳು ಅಂಚು ಕಬ್ಬಿಗೆ ಸಲ್ಲದು.

ಬಾಯಿ ಬಿಚ್ಚಿದರು ನೋಡಿ, ಇನ್ನು ಮುಚ್ಚುವುದಿಲ್ಲ. “ಹರಿತ ಐತಿ! ಕೇಳಿಸ್ತೇನು? ಹರಿತ ಐತಿ! ಮದಲಿನಂಗ ಹೆಗಲಿಂದ ಹೊಡೀಬ್ಯಾಡ. ಹೌರಗ ಹೊಡಿ, ಮಣಿಕಟ್ಟಿನಿಂದ ಹೊಡಿ. ನಾಕ ಕಬ್ಬ ಹೌರಗ ಕಡದ ಕೈಗೆ ರೂಢಿ ಮಾಡ್ಕೊ.” ಒಬ್ಬೊಬ್ಬರಿಗೂ ಇದೇ ಪಾಠ. ಕೇಳಿಸಿಕೊಂಡವರ ಬಾಯಿಂದ ತಿರುಗಿ ಹೇಳಿಸದೆ ಕೊಯ್ತಾ ಕೈಗೆ ಕೊಡುವುದಿಲ್ಲ.

“ಕಾಕಾ, ನಿಮ್ಮ ರೇಡಿಯೊ ಬಂದ್ ಮಾಡ್ರಿ, ಕಬ್ಬು ತಾನ ಹೆದರಿ ಬೀಳತೈತಿ” ಅಂತ ಸಿದ್ರಾಮ ಕಾಲೆಳೆಯುತ್ತಾನೆ. ಗ್ಯಾಂಗಿನ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ. ಓಣಿಯ ಹಿರಿಯರಿಗೆ ಮಾತ್ರ ಇದು ನಗುವ ಸಂಗತಿಯಲ್ಲ. ಬೇಡರವನಾಗಿ ಹರಿತದ ಸುದ್ದಿಯನ್ನು ಡಂಗುರ ಹೊಡೆಯುತ್ತಾನಲ್ಲ ಎಂದು ಬೀರಸಿದ್ದಪ್ಪ ಎಷ್ಟೋ ಸಲ ಗೊಣಗಿದ್ದಾರೆ. ಅಲ್ಲಪ್ಪ ಕೇಳಿಸಿಕೊಳ್ಳುತ್ತಾರೆ, ಉತ್ತರ ಕೊಡುವುದಿಲ್ಲ. ಉತ್ತರ ಕೊಣ್ಣೂರಿನಲ್ಲಿದೆ.

ಕೊಣ್ಣೂರಿನಲ್ಲಿರುವುದು ಅವರ ತಂಗಿ ಯಮನವ್ವ. ಚಿಕ್ಕಂದಿನಲ್ಲಿ ಅಜ್ಜ ಮಸೆಯಲು ಕಲಿಸುವಾಗ ಕಲ್ಲಿಗೆ ನೀರು ಹಾಕುತ್ತಿದ್ದವಳು ಆಕೆ. ಅಪ್ಪ ಬೇಗ ತೀರಿಹೋದ. ಅಣ್ಣ ಹೊಲದ ಕೂಲಿಗೆ, ನೀರು ಹಾಯಿಸುವುದಕ್ಕೆ ಹೋದ. ತಂಗಿ ಮದುವೆಯಾಗಿ ಗಂಡನ ಜೋಡಿ ಕಬ್ಬಿನ ಗ್ಯಾಂಗು ಸೇರಿದಳು. ಆರು ವರ್ಷದ ಹಿಂದಿನ ಹಂಗಾಮಿನಲ್ಲಿ ಆ ಗ್ಯಾಂಗಿಗೆ ಕುಲಗೋಡದಲ್ಲೇ ಕೆಲಸ ಬಿತ್ತು. ತವರೂರಲ್ಲಿ ದುಡಿಮೆ, ತವರಲ್ಲಿ ಊಟ, ಅವ್ವನ ಮಗ್ಗಲಲ್ಲಿ ನಿದ್ದೆ. ಆಕೆಯ ಸಂತೋಷ ಕೇಳಬೇಕೆ!

ಒಂದು ಸಂಜೆ ರೊಟ್ಟಿ ತಿನ್ನುತ್ತ ಯಮನವ್ವ ಅಂದರು: “ಯಣ್ಣಾ, ನನ್ನ ಕೊಯ್ತಾ ಕಬ್ಬ ಕಡ್ಯಾಂಗಿಲ್ಲ, ಜಜ್ಜತೈತಿ. ಸಾಲಿನಾಗ ಎಲ್ಲಾರಕಿಂತ ಹಿಂದ ಬೀಳಾಕತ್ತೇನಿ. ಗ್ಯಾಂಗಿನ ಮುಕಾದಮ ಬೈತಾನ.”

ಮರುದಿನ ನಸುಕಿನಲ್ಲಿ ತಂಗಿ ಏಳುವ ಮೊದಲೇ ಅಣ್ಣ ಎದ್ದು ಆಕೆಯ ಕೊಯ್ತಾ ಹಿಡಿದು ಕೂತರು. ಆಗ ಮನೆಯಲ್ಲಿ ಇದ್ದದ್ದು ಅಜ್ಜನ ಕುದುರೆ ಒಂದೇ. ಬಾಣಕ್ಕೆ ಹಿಡಿಯುವ ಓರೆಯನ್ನೇ ಕೊಯ್ತಾಕ್ಕೆ ಹಿಡಿದರು. ತಂಗಿಯದಲ್ಲವೆ, ಬೇರೆಯವರಿಗೆ ಮಾಡಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದರು. “ಕೂದಲಾ ಇಟ್ಟು ಉಫ್ ಅಂದ್ರ ಹರೀತಿತ್ರಿ. ಅಷ್ಟ ಚಂದದ ಅಂಚು ನಾ ಅದಕ್ಕಿಂತ ಮದಲ ತಗದಿಲ್ಲ, ಆಮ್ಯಾಲೂ ತಗದಿಲ್ಲ” ಅನ್ನುವಾಗ ಅಲ್ಲಪ್ಪನವರ ದನಿ ಇಳಿಯುತ್ತದೆ. ಮಸೆದದ್ದನ್ನು ಆಕೆಯ ಬುತ್ತಿಯ ಮಗ್ಗಲಿಗೆ ಇಟ್ಟರು. ಆಕೆ ಎದ್ದರು, ಎತ್ತಿಕೊಂಡರು, ಹೋದರು. ಅಣ್ಣ ಬಾಗಿಲಲ್ಲಿ ನಿಂತು ನೋಡಿದರು. ಪದ್ಧತಿಯ ಪ್ರಕಾರ ಏನೂ ಹೇಳಲಿಲ್ಲ.

ಮೊಂಡ ಕೊಯ್ತಾಕ್ಕೆ ರೂಢಿಯಾದ ಕೈ ಹೇಗಿರುತ್ತದೆಂದು ಕಬ್ಬು ಕಡಿದವರಿಗೆ ಗೊತ್ತು. ಎಡಗೈಯಲ್ಲಿ ಕಬ್ಬು ಬಗ್ಗಿಸಿ ಹಿಡಿದು ಬಲಗೈ ಹೆಗಲ ಮೇಲಿಂದ ಬೀಸಬೇಕು, ಮೈಯ ಬಲವೆಲ್ಲ ಹಾಕಬೇಕು. ಯಮನವ್ವನ ಕೈಯೂ ಹಾಗೇ ಬೀಸಿತು. ಬಿಸಿಲೇರುವ ಮುಂಚೆಯೇ ಒಂದು ಏಟು ಕಬ್ಬಿನಲ್ಲಿ ನಿಲ್ಲಲಿಲ್ಲ, ಹಿಡಿದ ಕೈಗೇ ಬಂತು. ಎಡಗೈಯ ಎರಡು ಬೆರಳು ಕಬ್ಬಿನ ಒಣಗರಿಯ ರವದಿಯಲ್ಲಿ ಬಿದ್ದವು.

ಗೋಕಾಕದ ದವಾಖಾನೆಯ ಕಟ್ಟೆಯ ಮೇಲೆ ಮುಕಾದಮ ಅಂದ: “ಗಡಿಬಿಡಿ ಮಾಡಿದ್ಲು. ನಿಗಾ ಇಟ್ಟು ಕಡೀಬೇಕು ಅಂತ ಹೇಳಿದ್ದೆ.” ಗಂಡನೂ ಹೌದೆಂದ. ಯಮನವ್ವ ಕೂಡ ತಲೆಯಾಡಿಸಿದರು. ಬಾಜೂಕ್ಕೆ ನಿಂತಿದ್ದ ಅಲ್ಲಪ್ಪ, ತಪ್ಪು ಆಕೆಯದಲ್ಲ ನನ್ನದು, ನಾನು ಮಸೆದೆ, ಮಸೆದದ್ದನ್ನು ಹೇಳಲಿಲ್ಲ ಎಂದು ಬಾಯಿ ಬಿಡಲಿಲ್ಲ. ಅಷ್ಟೊಂದು ಮಂದಿಯ ನಡುವೆ ನಾಲಿಗೆ ಏಳಲಿಲ್ಲ. ಇವತ್ತಲ್ಲ ನಾಳೆ ಹೇಳಿದರಾಯಿತು ಅಂದುಕೊಂಡರು. ಮಾತು ಬೆಳ್ಳಿ, ಮೌನ ಬಂಗಾರ ಅಂದ ಮಹಾನುಭಾವರ ಮನೆಯ ಹೆಣ್ಣುಮಕ್ಕಳು ಯಾರೂ ಕಬ್ಬು ಕಡಿಯಲು ಹೋಗಿರಲಿಕ್ಕಿಲ್ಲ ಬಿಡಿ.

ಆ ಹಂಗಾಮು ಮುಗಿಯುವ ಮೊದಲೇ ಅಲ್ಲಪ್ಪ ಎರಡನೇ ಕುದುರೆ ಕೆತ್ತಿದರು, ಊರಿಗೆಲ್ಲ ಹರಿತದ ಸುದ್ದಿ ಸಾರಲು ಶುರು ಮಾಡಿದರು. ಅವರ ಕಲ್ಲಿನ ಮೇಲೆ ಮಸೆದ ಕೊಯ್ತಾದಿಂದ ಆಮೇಲೆ ಯಾರಿಗೂ ಗಾಯವಾಗಿಲ್ಲ ಎಂದು ಸಿದ್ರಾಮ ಆಣೆ ಮಾಡಿ ಹೇಳುತ್ತಾನೆ. ಯಮನವ್ವ ಕಬ್ಬು ಬಿಟ್ಟು ಎಮ್ಮೆ ಕಟ್ಟಿಕೊಂಡರು. ಗಡಿಬಿಡಿ ಹೆಂಗಸು ಎಂಬ ಹೆಸರು ಮಾತ್ರ ಗಂಡನ ಮನೆಯಲ್ಲಿ ಅಂಟಿಕೊಂಡಿತು. ಸಾರು ಉಕ್ಕಿದರೂ ಅದೇ ಮಾತು, ಚರಗಿ ಉರುಳಿದರೂ ಅದೇ ಮಾತು.

ನಾಗರ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆದುಕೊಂಡು ಬರುವುದು ಈ ಸೀಮೆಯ ರೂಢಿ. ಅಲ್ಲಪ್ಪ ಹೋಗಲಿಲ್ಲ. ಆ ಕೈಯನ್ನು ನೋಡುವ ಧೈರ್ಯ ಬರಲಿಲ್ಲ. ಅವರ ಅವ್ವ ಕರೆವ್ವ ಹೊಸ್ತಿಲ ಮೇಲೆ ಕೂತು, “ಹೋಗೋ ಯಪ್ಪಾ, ಕರಕೊಂಡ ಬಾ, ಜೋಕಾಲಿ ಕಟ್ಟ್ಯಾರ” ಅನ್ನುತ್ತಿದ್ದರು. ಮಗ ನೀರು ಹಾಯಿಸುವ ನೆಪ ಹೇಳುತ್ತಿದ್ದರು. ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿಗೆ ತುಂಬಿ ಬಸ್ಸಿನಲ್ಲಿ ಕಳಿಸಿಬಿಡುತ್ತಿದ್ದರು. ಖಾಲಿ ಡಬ್ಬಿ ತಿರುಗಿ ಕಳಿಸಬಾರದಲ್ಲ, ಅತ್ತಲಿಂದ ಅದರಲ್ಲಿ ಬೆಲ್ಲ ಬರುತ್ತಿತ್ತು. ವರ್ಷ ವರ್ಷವೂ ಡಬ್ಬಿಯೇ ಹೋಯಿತು, ಡಬ್ಬಿಯೇ ಬಂತು. ಹೋದ ಬೇಸಗೆಯಲ್ಲಿ ಕರೆವ್ವ ತೀರಿಕೊಂಡರು. ಯಮನವ್ವ ಬಂದರು, ಅತ್ತರು, ಮಣ್ಣು ಮುಗಿದ ಸಂಜೆಯೇ ಬಸ್ಸು ಹತ್ತಿದರು.

ಕಡೆಗೆ ತಡೆಯಲಾರದೆ ಬಾಯಿ ಬಿಟ್ಟವರು ಅಲ್ಲಪ್ಪನವರ ಹೆಂಡತಿ ಇಂದ್ರವ್ವ. “ಊರ ಮಂದಿಗೆಲ್ಲಾ ಹರಿತ ಐತಿ, ಹರಿತ ಐತಿ ಅಂತ ಒದರತಿ. ಹೇಳಬೇಕಾದಾಕಿಗಿ ಹೇಳಾಕ ನಿನ್ನ ನಾಲಿಗಿ ಬಿದ್ದೈತೇನು?”

ಹೋದ ವಾರ ಅಲ್ಲಪ್ಪ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಗೋಕಾಕದಲ್ಲಿ ಬಸ್ಸು ಬದಲಿಸಿ ಕೊಣ್ಣೂರಿಗೆ ಹೋದರು. ಯಮನವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನೀರು ಕೊಟ್ಟರು, ಚಹಾ ಕೊಟ್ಟರು, ಮತ್ತೆ ಮೊರ ಹಿಡಿದರು. ಅಲ್ಲಪ್ಪ ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಚಹಾದ ಜೊತೆ ಒಳಗೆ ಹೋಯಿತು. ಉಳಿದದ್ದಿಷ್ಟೆ: “ಯಮನಿ, ಅವತ್ತ ಕೊಯ್ತಾ ನಾ ಮಸದಿದ್ದೆ. ಬಾಣದ ಕುದುರಿ ಮ್ಯಾಲ ಮಸದಿದ್ದೆ. ನಿನಗ ಹೇಳಲಿಲ್ಲ.”

ಯಮನವ್ವ ಮೊರದಿಂದ ಕಣ್ಣೆತ್ತಲಿಲ್ಲ. “ಗೊತ್ತೈತಿ” ಅಂದರು.

“ಯಾವಾಗ ಗೊತ್ತಾತು?”

“ಮದಲನೇ ಕಬ್ಬಿಗೇ ಗೊತ್ತಾತು. ನಾ ಆ ಮನ್ಯಾಗ ಹುಟ್ಟಿದಾಕಿ ಅಲ್ಲನ? ಏಟು ಬಿದ್ದದ್ದ ತಿಳೀಲಿಲ್ಲ, ಕಬ್ಬ ಬಿತ್ತು. ನಮ್ಮಣ್ಣ ಮಸದಾನ ಅಂತ ಖುಷಿ ಆತು. ಎಲ್ಲಾರಕಿಂತ ಮುಂದ ಹ್ವಾದ್ನಿ. ಆ ಖುಷಿಯೊಳಗ ಕೈ ಎಲ್ಲಿ ಇಟ್ಟೆ ಅನ್ನೂದ ನೆಪ್ಪ ಹಾರತು.”

“ಮತ್ತ ಮಂದಿ ಮುಂದ ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ? ಹೇಳಿದ್ರ ಮಂದಿ ನಿನ್ನ ಕಡೆ ಮಸಸೂದು ಬಿಡ್ತಿದ್ರು.”

ಅಲ್ಲಪ್ಪನವರ ಕಣ್ಣು ತುಂಬಿತು. ತಪ್ಪಾತವ್ವಾ ಅಂದರು. ಆಗ ಯಮನವ್ವ ಮೊರ ಕೆಳಗಿಟ್ಟರು. ಸಿಟ್ಟು ಬಂದದ್ದು ಆಗ.

“ಬೆರಳ ಹ್ವಾದದ್ದಕ್ಕ ನಾ ಅತ್ತಿಲ್ಲ. ಅಣ್ಣ ಪಂಚಮಿಗಿ ಬರ್ತಾನ ಅಂತ ವರ್ಷಾ ವರ್ಷಾ ಸೀರಿ ಮಡಚಿ ಇಟ್ಕೊಂಡ ಕುಂಡರತಿದ್ನಿ. ನಿನ್ನ ಡಬ್ಬಿ ಬರತಿತ್ತು. ಉಂಡಿ ತಿನ್ನಾಕ ಬರತಿದ್ನ್ಯಾ ನಾ ಪಂಚಮಿಗಿ? ಒಮ್ಮಿ ಬಂದ ಕರದಿದ್ರ ಓಡಿ ಬರತಿದ್ನಿ. ಅವ್ವ ಇದ್ದಳು. ಈಗ ಬಾ ಅಂದ್ರ ಯಾರ ಸಲುವಾಗಿ ಬರ್ಲಿ?”

ಎಮ್ಮೆ ಕರು ಬಿಡುವ ಹೊತ್ತಾಯಿತೆಂದು ಆಕೆ ಎದ್ದರು. ಅಣ್ಣನಿಗೆ ರೊಟ್ಟಿ ಬಡಿದು ಬಡಿಸಿದರು, ಬಸ್‌ಸ್ಟ್ಯಾಂಡಿನ ತನಕ ಬಂದರು. ಆದರೆ ಅದರ ಮೇಲೆ ಇಬ್ಬರೂ ಎಮ್ಮೆಯ ಸುದ್ದಿ, ಮಳೆಯ ಸುದ್ದಿ ಬಿಟ್ಟು ಬೇರೆ ಆಡಲಿಲ್ಲ.

ಇದನ್ನೆಲ್ಲ ಅಲ್ಲಪ್ಪ ಹೇಳುವುದು ಕೈ ನಿಲ್ಲಿಸಿ. ಸಿದ್ರಾಮನ ಗ್ಯಾಂಗು ಹೋಗಿ ಅಂಗಳ ಖಾಲಿಯಾಗಿದೆ, ಕಲ್ಲಿನ ಮೇಲಿನ ನೀರು ಒಣಗಿದೆ. ಒಳಗೆ ಇಂದ್ರವ್ವ ರೊಟ್ಟಿ ಬಡಿಯುತ್ತಿದ್ದಾರೆ. ನಿಮಗೆ ಇನ್ನೇನು ಬೇಕು ಅಂತ ಕೇಳಿದರೆ, ಪಿಂಚಣಿ ಬೇಕು, ಒಂದು ಶೆಡ್ಡು ಬೇಕು ಅನ್ನಬಹುದಿತ್ತು. ಅವರು ಹಾಗೆ ಅನ್ನುವುದಿಲ್ಲ.

“ಆಕಿ ಯಾರ ಸಲುವಾಗಿ ಬರ್ಲಿ ಅಂದಾಗ, ನನ್ನ ಸಲುವಾಗಿ ಬಾರವ್ವಾ ಅನ್ನಬೇಕಂತ ಬಾಯಿ ತಗದ್ನಿರಿ. ಬರಲಿಲ್ಲ ಮಾತು. ಇಷ್ಟು ವರ್ಷ ಊರಿಗೆಲ್ಲಾ ಒದರೀನಿ, ಅಷ್ಟ ಬರಲಿಲ್ಲ. ಬರೂ ಪಂಚಮಿಗಿ ಡಬ್ಬಿ ಕಳಸಂಗಿಲ್ರಿ, ನಾನ ಹೋಗ್ತೀನಿ. ಆಕಿ ಬರ್ಲಿ, ಬಿಡ್ಲಿ. ಆ ಒಂದ ಮಾತ ಅಂದ ಬರ್ತೀನಿ.”