ಸೀರೆ ಬಿಡಿಸಲು ಕಲಿತದ್ದು

ಬಸವಕಲ್ಯಾಣದ ಜವಳಿ ಅಂಗಡಿಯ ಅಣ್ಣತಮ್ಮಂದಿರು ಪಾಲಾಗಿ ಅಂಗಡಿಗೆ ಬೀಗ ಹಾಕಿದಾಗ ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಗಂಡ ಮೀಸೆ ಮೂಡುವ ಮೊದಲಿನಿಂದಲೂ ಅಲ್ಲಿ ಸೀರೆ ಮಾರುತ್ತಿದ್ದವರು. ದಿನವೂ ಮಂಠಾಳದಿಂದ ಬಸ್ಸಿಗೆ ಹೋಗಿಬರುತ್ತಿದ್ದರು. ಊರಿನ ಹೊಲ ಮೈದುನರಿಗೇ ಸಾಲದು.

“ಹುಮನಾಬಾದಿಗಿ ಹೋಗ್ರಿ. ಹೈವೇ ಊರು, ಏನಾರ ಸಿಗ್ತದ” ಎಂದರು ಮಾವ.

ಮೊದಲು ಇವರೊಬ್ಬರೇ ಹೋಗುವುದೆಂದು ಮಾತಾಗಿತ್ತು. ನಾನೂ ಬರುತ್ತೇನೆಂದು ಹಟ ಹಿಡಿದೆ.

“ನೀ ಬಂದು ಏನ್ ಮಾಡ್ತಿ?” ಎಂದರು ಇವರು.

“ನಾನೂ ಕೆಲಸ ಹುಡುಕ್ತೀನ್ರಿ. ಪಿಯುಸಿ ಪಾಸಾಗೀನಲ್ಲ?”

ಮಾವ ನಕ್ಕರು, ಬೇಡ ಅನ್ನಲಿಲ್ಲ.

ಹುಮನಾಬಾದಿನಲ್ಲಿ ಒಬ್ಬ ಅಜ್ಜಿಯ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬೆಳಗಾದರೆ ಇಬ್ಬರೂ ಕೆಲಸ ಹುಡುಕಲು ಹೊರಡುತ್ತಿದ್ದೆವು. ದಾಲ್ ಮಿಲ್ಲಿನವನೊಬ್ಬ, “ಹೆಣ್ಮಗಳ್ನ ಯಾಕ ಬಿಸಿಲಾಗ ತಿರುಗಸಾಕತ್ತೀರಿ?” ಎಂದು ಇವರನ್ನೇ ಗದರಿದ. ಕೊನೆಗೆ ಒಂದು ಸೀರೆ ಅಂಗಡಿಯ ಮಾಲಕರು ಇವರ ಮಾತನ್ನೆಲ್ಲ ಕೇಳಿ ನನ್ನತ್ತ ತಿರುಗಿದರು. “ಗಂಡಾಳು ಭಾಳ ಅದಾರ್ರಿ. ಈಗ ಗಿರಾಕಿಗಳು ಹೆಣ್ಮಕ್ಕಳೇ ತೋರಸ್ಬೇಕು ಅಂತಾರ. ಇವರು ಬರ್ತಾರೇನು?”

ಇವರು ಒಂದು ಗಳಿಗೆ ನೆಲ ನೋಡಿದರು. ಆಮೇಲೆ, “ಬರ್ತಾಳ್ರಿ” ಎಂದುಬಿಟ್ಟರು.

ದಾರಿಯಲ್ಲಿ ನನಗೆ ಅಳು ಬಂತು. “ನನಗ ಸೀರಿ ಉಡೋದು ಗೊತ್ತು, ಮಾರೋದು ಹ್ಯಾಂಗಂತ ಗೊತ್ತಿಲ್ರಿ.”

“ನಾ ಕಲಿಸ್ತೀನಿ, ನಡಿ.”

ಆ ಸಂಜೆ ಚಾಪೆ ಹಾಸಿ ಮದುವೆಯ ಸೀರೆಗಳನ್ನೆಲ್ಲ ಹೊರಗೆ ತೆಗೆದರು. ಮನೆಯೊಡತಿ ಅಜ್ಜಿಯೇ ಗಿರಾಕಿ. “ಸೀರಿ ನೋಡಬ್ಯಾಡ, ಗಿರಾಕಿ ಮುಖ ನೋಡು. ಸೆರಗು ಅವರ ಮುಂದ ಬೀಳಬೇಕು” ಎಂದು ಇವರು ಒಂದೇ ಬೀಸಿಗೆ ಸೀರೆ ಬಿಡಿಸಿದರು. ನಾನು ಬೀಸಿದ್ದು ಹೋಗಿ ನೀರಿನ ಕೊಡದ ಮೇಲೆ ಬಿತ್ತು. “ಇವೆಲ್ಲ ಹುಡುಗ್ಯಾರವು, ನನಗ ಒಂಬತ್ತು ಗಜದ್ದು ತೋರಸವ್ವ” ಎಂದು ಅಜ್ಜಿ ನಿಜವಾದ ಗಿರಾಕಿಯಂತೆಯೇ ಮುಖ ತಿರುವಿದರು. ಬಸವಕಲ್ಯಾಣದ ಅಂಗಡಿ ಮುಚ್ಚಿದ ಮೇಲೆ ಇವರು ಬಾಯ್ತುಂಬ ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ನಾನು ಕೆಲಸಕ್ಕೆ ಸೇರಿದೆ. ಇವರಿಗೆ ಮಾತ್ರ ಏನೂ ಸಿಗಲಿಲ್ಲ. ಊರಿಂದ ಬಂದ ನೆಂಟನೊಬ್ಬ, “ಆರಾಮ ಇದ್ದೀ ಬಿಡಪ್ಪ, ಹೆಂಡ್ತಿ ದುಡೀತಾಳ” ಎಂದು ಇವರು ಮಾಡಿಕೊಟ್ಟ ಚಹಾ ಕುಡಿಯುತ್ತಲೇ ಅಂದ. ಅವನು ಹೋದ ಮೇಲೆ ಇವರು ಊಟ ಮಾಡಲಿಲ್ಲ. ಸಂಜೆ ನನ್ನನ್ನು ಕರೆದೊಯ್ಯಲು ಬಂದರೆ ರಸ್ತೆಯ ಆಚೆ ನಿಲ್ಲುತ್ತಿದ್ದರು. ಯಾಕೆ ಒಳಗೆ ಬರುವುದಿಲ್ಲ ಎಂದು ಕೇಳಿದರೆ, “ಬಂದ್ರ ಸೀರಿ ಕಂಡು ಕೈ ಸುಮ್ಮನಿರಂಗಿಲ್ಲ” ಎಂದರು.

ಮದುವೆಯ ಕಾಲ ಬಂತು. ಒಂದು ಸಂಜೆ ಪಕ್ಕದ ಹುಡಗಿ ಊರಿನಿಂದ ದೊಡ್ಡದೊಂದು ಕುಟುಂಬ ಮದುವೆ ಜವಳಿಗೆ ಬಂದಿತ್ತು. ಹೆಣ್ಣಿನ ತಾಯಿಗೆ ಒಪ್ಪಿದ್ದು ಬೀಗಿತಿಗೆ ಒಪ್ಪದು. ಬೀಗಿತಿ ಮೊಬೈಲಿನಲ್ಲಿ ತೋರಿಸಿದ್ದು ನಮ್ಮಲ್ಲಿಲ್ಲ. ಗಿರಾಕಿಗಳ ಮುಂದಿನ ಗಾದಿ ಹಾಸಿಗೆಯ ಮೇಲೆ ಸೀರೆ ಗುಡ್ಡವಾಯಿತು. ಅವರು ಏಳುವ ಲಕ್ಷಣ ಕಂಡಾಗ ನಾನು ಮಾಲಕರ ಹತ್ತಿರ ಹೋಗಿ, “ನಮ್ಮನಿಯವರು ಹೊರಗ ನಿಂತಾರ್ರಿ, ಕರೀಲೇನ್ರಿ?” ಎಂದೆ.

“ಜಲ್ದಿ ಕರೀರಿ” ಎಂದರು ಅವರು.

ಇವರು ಬಂದು ಗಾದಿಯ ಮೇಲೆ ಕೂತರು. ಸೀರೆ ಮುಟ್ಟಲಿಲ್ಲ. ಮೂಲೆಯಲ್ಲಿ ಕೂತಿದ್ದ ಮದುಮಗಳನ್ನು, “ತಂಗಿ, ನಿನಗ ಯಾವ ಬಣ್ಣ ಪಸಂದ?” ಎಂದು ಕೇಳಿದರು. ಅಷ್ಟು ಹೊತ್ತಾದರೂ ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳು ತಾಯಿಯ ಮುಖ ನೋಡಿ, “ನೇರಳೆ” ಎಂದಳು. ಕೆಳಗಿನ ಸಾಲಿನಿಂದ ಒಂದು ಸೀರೆ ಎಳೆದು ಇವರು ಬೀಸಿದರು. ಸೆರಗು ಅವಳ ಮಡಿಲಲ್ಲಿ ಬಿತ್ತು. ಬೀಗಿತಿಯರಿಬ್ಬರೂ ಸೆರಗು ಮುಟ್ಟಿ ನೋಡಿ ಅದನ್ನೇ ಕಟ್ಟಲು ಹೇಳಿದರು.

ಮಾಲಕರು ಇವರನ್ನು ಮದುವೆಯ ತಿಂಗಳುಗಳು ಮುಗಿಯುವವರೆಗೆ ಇಟ್ಟುಕೊಂಡರು, ಆಮೇಲೆ ವ್ಯಾಪಾರ ಇಲ್ಲವೆಂದು ಕೆಲಸ ಬಿಡಿಸಿದರು. ಸ್ವಲ್ಪ ಕಾಲ ಇವರು ಸಾಮಾನಿನ ಆಟೋ ಓಡಿಸಿದರು. ಈಗ ಬಸ್ ನಿಲ್ದಾಣದ ಬಳಿಯ ಪರದೆ, ಚಾದರದ ಅಂಗಡಿಯಲ್ಲಿ ಕಾಯಂ ಆಗಿದ್ದಾರೆ. “ಸೀರಿ ಅಲ್ಲ ಖರೆ, ಇವೂ ಅರಿವಿ-ಬಟ್ಟಿನೇ ಅಲ್ಲ?” ಎನ್ನುತ್ತಾರೆ. ನಾನು ಆ ಸೀರೆ ಅಂಗಡಿಯಲ್ಲೇ ಇದ್ದೇನೆ. ಹಬ್ಬಕ್ಕೆ ಇಬ್ಬರಿಗೂ ಒಂದೇ ಸಲ ರಜೆ ಸಿಗುವುದು ಅಪರೂಪ. ಒಬ್ಬರು ಮುಂಚಿನ ಬಸ್ಸಿಗೆ, ಇನ್ನೊಬ್ಬರು ನಂತರದ ಬಸ್ಸಿಗೆ ಮಂಠಾಳ ಸೇರುತ್ತೇವೆ.